ಪಶ್ಚಿಮದ ಗೋಡೆಗೆ ಉಕ್ಕಿನ ನೆರಳು

ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ಬಳ್ಳಾರಿಯ ಯಾವುದಾದರೂ ಮನೆಯ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ. ರೊಟ್ಟಿ ಹಂಚು ನೆನಪಾಗುತ್ತದೆ. ಕಿಟಕಿಗೆ ಎರಡಡಿ ಸಜ್ಜಾ ಇದೆಯಲ್ಲ ಎನ್ನಬೇಡಿ. ಆ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 22 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಸಜ್ಜಾದ ನೆರಳು ಹತ್ತು ಇಂಚು ಇಳಿದರೆ ಹೆಚ್ಚು, ಮಿಕ್ಕ ಕಿಟಕಿಯೆಲ್ಲ ಬಿಸಿಲಿನ ಪಾಲು. ದಕ್ಷಿಣಕ್ಕಾದರೆ ಸಜ್ಜಾ ಸಾಕು, ಅಲ್ಲಿ ದುಡ್ಡು ಸುರಿಯಬೇಡಿ.

ಪಶ್ಚಿಮಕ್ಕೆ ಬೇಕಾದದ್ದು ಗೋಡೆಯಿಂದ ಒಂದೂವರೆ ಅಡಿ ಆಚೆ ನಿಲ್ಲುವ, ನೆರಳಿನ ಅಡ್ಡಪಟ್ಟಿಗಳನ್ನು ಹೊತ್ತ ಉಕ್ಕಿನ ಚೌಕಟ್ಟು. ಆ ಸಂದಿಯಲ್ಲಿ ಬಿಸಿಗಾಳಿ ಮೇಲೇರಿ ಹೋಗುತ್ತದೆ. ಮೂರಡಿಗೊಂದು ಚೌಕ ಪೈಪು ನಿಲ್ಲಿಸಿ. ಚೌಕಟ್ಟನ್ನು ಗೋಡೆಗೆ ಹಿಡಿಸುವ ಬೇಸ್ ಪ್ಲೇಟನ್ನು ಲಿಂಟಲ್ (ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ) ಅಥವಾ ಬೀಮಿಗೇ ಬಿಗಿಯಬೇಕು. ಬರೀ ಇಟ್ಟಿಗೆಗೆ ಬೋಲ್ಟ್ ಹೊಡೆದರೆ ಆಷಾಢದ ಗಾಳಿ ಅದನ್ನು ಅಲ್ಲಾಡಿಸಿ ಕಿತ್ತೀತು. ಮಹಡಿ ಮನೆಯಾದರೆ ಎಂಜಿನಿಯರಿಗೆ ಒಮ್ಮೆ ತೋರಿಸಿ.

ಇನ್ನು ಅಡ್ಡಪಟ್ಟಿಗಳು. ಕೆಲಸದ ಜೀವಾಳ ಇದೇ. ನಾಲ್ಕಿಂಚು ಅಗಲದ ತಗಡಿನ ಪಟ್ಟಿಯನ್ನು ಹೊರ ಅಂಚು ಕೆಳಗಾಗುವಂತೆ 45 ಡಿಗ್ರಿ ಓರೆ ಮಾಡಿ, ನಾಲ್ಕಿಂಚಿಗೊಂದರಂತೆ ಕೂರಿಸಿ. ಬೇಸಿಗೆಯಲ್ಲಿ ಸಂಜೆ ಐದರವರೆಗೆ ನೇರ ಬಿಸಿಲು ಒಳಗೆ ಬಾರದು, ಸಂದಿಯಿಂದ ಬೀದಿಯೂ ಕಾಣುತ್ತದೆ. ಓರೆ ಮಾಡದೆ ಮಟ್ಟಸವಾಗಿ ಕೂರಿಸಿದರೆ ಅದೇ ನೆರಳಿಗೆ ಒಂದೂವರೆ ಇಂಚಿಗೊಂದು ಪಟ್ಟಿ ಬೇಕು. ತೋರಣಗಲ್ಲಿನ ಉಕ್ಕು ಪಕ್ಕದಲ್ಲೇ ತಯಾರಾದರೂ ನಮಗೇನೂ ಪುಕ್ಕಟೆ ಸಿಗುವುದಿಲ್ಲ! ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡಕ್ಕೆ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಪಶ್ಚಿಮದಲ್ಲಿ ಓರೆ ಫಲಕಗಳನ್ನೇ ಇಟ್ಟ. ಅವು ಕಾಂಕ್ರೀಟಿನವು, ನಿಂತ ಫಲಕಗಳು.

ವೆಲ್ಡಿಂಗಿಗೆ ಮೊದಲು ರಟ್ಟಿನ ನಾಲ್ಕು ಪಟ್ಟಿ ಕತ್ತರಿಸಿ, ಅದೇ ಓರೆಯಲ್ಲಿ ಕಿಟಕಿಗೆ ಕಟ್ಟಿ. ಸಂಜೆ ಐದರೊಳಗೆ ನೆಲದ ಮೇಲೆ ಬಿಸಿಲಿನ ಗೆರೆ ಮೂಡಿದರೆ ಪಟ್ಟಿಗಳನ್ನು ಇನ್ನಷ್ಟು ಹತ್ತಿರ ತನ್ನಿ.

ಹತ್ತಡಿ ಉಕ್ಕು 40 ಡಿಗ್ರಿ ಹೆಚ್ಚು ಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಆದ್ದರಿಂದ ಒಂದು ತುದಿಯ ಬೋಲ್ಟ್ ತೂತು ಉದ್ದನೆಯದಿರಲಿ. ಪೈಪಿನ ಮೇಲ್ಬಾಯಿ ಮುಚ್ಚಿಸಿ, ಬುಡದಲ್ಲಿ ನೀರಿಳಿಯಲು ಸಣ್ಣ ತೂತು ಬಿಡಿಸಿ. ತುಕ್ಕು ಒಳಗಿನಿಂದಲೇ ತಿನ್ನತೊಡಗುತ್ತದೆ. ಬೆಸುಗೆಯ ಗಂಟುಗಳನ್ನು ತಂತಿ ಬ್ರಷ್ಷಿನಿಂದ ತಿಕ್ಕಿಸಿ, ಎರಡು ಕೈ ರೆಡ್ ಆಕ್ಸೈಡ್ ಬಳಿಸಿ, ಆಮೇಲೆ ಎನಾಮಲ್.

ತಿಳಿ ಬಣ್ಣವಾದರೆ ಪಟ್ಟಿಗಳು ಕಡಿಮೆ ಕಾಯುತ್ತವೆಂದು ನಾನು ಬಿಳಿ ಬಳಿಸಿದೆ. ಅದಿರಿನ ಲಾರಿಗಳು ಓಡುವ ರಸ್ತೆ ಪಕ್ಕದಲ್ಲೇ ಇದೆ ಎಂಬುದು ಮರೆತೇ ಹೋಗಿತ್ತು. ಎರಡು ಬೇಸಿಗೆ ಕಳೆಯುವುದರೊಳಗೆ ಅದು ರೆಡ್ ಆಕ್ಸೈಡಿನ ಬಣ್ಣಕ್ಕೇ ವಾಪಸಾಯಿತು.