ಕಾವಲಿನ ಗಾಳಿಯೂ ನನ್ನ ಗೇರಿಲ್ಲದ ಸೈಕಲ್ಲೂ

ಚಿತ್ರದುರ್ಗದಿಂದ ಚಳ್ಳಕೆರೆ, ಅಲ್ಲಿಂದ ಅಮೃತ ಮಹಲ್ ಕಾವಲಿನ (ಅದೇ ಹೆಸರಿನ ದನಗಳ ತಳಿಗೆ ಮೇವಿಗೆಂದು ಬಿಟ್ಟಿದ್ದ ಹುಲ್ಲುಬಯಲಿನ) ಅಂಚಿನಲ್ಲೇ ನಾಯಕನಹಟ್ಟಿ, ಮತ್ತೆ ದುರ್ಗ: ಸುಮಾರು 100 ಕಿ.ಮೀ. ಸುತ್ತನ್ನು ಒಂದೇ ಹಗಲಿನಲ್ಲಿ, ಒಬ್ಬನೇ, ಗೇರಿಲ್ಲದ ಸೈಕಲ್ಲಿನಲ್ಲಿ ಮುಗಿಸಿದ್ದೇನೆ. “ಮಧ್ಯಾಹ್ನಕ್ಕೆ ಲಾರಿ ಹತ್ತಿ ಬರ್ತೀಯ ಬಿಡಪ್ಪ” ಎಂದು ನಕ್ಕಿದ್ದ ಸೈಕಲ್ ಅಂಗಡಿಯ ಯಜಮಾನರ ಮಾತು ಅದಕ್ಕೂ ಮೊದಲು ಎರಡು ಸಲ ನಿಜವಾಗಿತ್ತು.

ಎರಡೂ ಸಲ ಹೊರಟದ್ದು ಆಷಾಢದಲ್ಲಿ. ಮೋಡವಿದ್ದರೆ ಬಿಸಿಲಿನ ಕಾಟವಿಲ್ಲ ಎಂಬುದು ನನ್ನ ಲೆಕ್ಕ. ಪಡುವಣ ಗಾಳಿ ಬೆನ್ನಿಗಿದ್ದುದರಿಂದ ಚಳ್ಳಕೆರೆಯನ್ನು ಒಂದೂವರೆ ಗಂಟೆಯೊಳಗೆ ಮುಟ್ಟಿ ಬೀಗಿದೆ. ಬೆಳಗಿನ ಹತ್ತು ಗಂಟೆಯ ನಂತರ ಬಲಿತ ಅದೇ ಗಾಳಿ ನಾಯಕನಹಟ್ಟಿಯಿಂದ ತಿರುಗಿದೊಡನೆ ಎದೆಗೆ ಬಡಿಯಿತು. ಅಡ್ಡಲಾಗಿ ಒಂದು ಮರವಿಲ್ಲದ ಆ ಹುಲ್ಲುಬಯಲಿನಲ್ಲಿ ಗಂಟೆಗೆ ಎಂಟು ಕಿ.ಮೀ. ಮೀರಲಾಗಲಿಲ್ಲ; ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನೇಕೆ ನೆಟ್ಟಿದ್ದಾರೆಂದು ತೊಡೆಗಳಿಗೆ ಅರ್ಥವಾಯಿತು. ಲಾರಿಯವನಿಗೆ ಒಮ್ಮೆ 150, ಇನ್ನೊಮ್ಮೆ 200 ರೂಪಾಯಿ ಕೊಟ್ಟೆ.

ಮೂರನೆಯ ಸಲ ಡಿಸೆಂಬರಿಗೆ ಕಾದೆ. ಆಗ ಬೀಸುವುದು ಮೂಡಣ ಗಾಳಿ. ನಸುಕಿನಲ್ಲಿ ಅದು ಇನ್ನೂ ಮಲಗಿರುವುದರಿಂದ ನಾಲ್ಕೂವರೆಗೇ ಹೊರಟರೆ ಎದುರುಗಾಳಿಯ ಬಾಧೆಯಿಲ್ಲದೆ ಚಳ್ಳಕೆರೆ ದಾಟಬಹುದು, ಬಿಸಿಲೇರಿ ಅದು ಎದ್ದಾಗ ನಾವು ಮನೆಯ ಕಡೆ ತಿರುಗಿರುತ್ತೇವೆ.

ಉಳಿದದ್ದು ಮುಳ್ಳು. ಹುಲ್ಲು ಒಣಗುವ ಆ ಕಾಲದಲ್ಲಿ ನೆಗ್ಗಿಲೂ ಬಳ್ಳಾರಿ ಜಾಲಿಯೂ ಒಳದಾರಿಯ ತುಂಬ ಬಿದ್ದಿರುತ್ತವೆ. ಪಂಕ್ಚರ್ ಆಗದೆಂದು ಹೇಳಿ ಮಾರಿದ ಜೋಡಿ ಟೈರಿಗೆ ಮೂರು ಸಾವಿರದ ಮೇಲೆ ಸುರಿದೆ. ಜಾಲಿಮುಳ್ಳು ಮೊದಲ ವಾರವೇ ಒಳಹೊಕ್ಕಿತು. ಕೊನೆಗೆ ಕೈಹಿಡಿದದ್ದು 40 ರೂಪಾಯಿಯ ಹಳೆಯ ಟ್ಯೂಬು: ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಹಾಸಿದೆ. ಅದರ ಎರಡು ತುದಿಗಳು ಕೂಡುವಲ್ಲಿ ಅಂಚು ಉಜ್ಜಿ ಒಳಟ್ಯೂಬೇ ಹರಿಯುತ್ತದೆ; ಅದಕ್ಕೆ ನಾನು ಮಾಡಿಕೊಂಡ ಉಪಾಯ ಸದ್ಯ ನನ್ನಲ್ಲಿಯೇ ಇರಲಿ.

ನೀರಿನಲ್ಲೂ ಒಂದು ಪ್ರಯೋಗ ನಡೆಯಿತು. ಒಂದು ಬಾಟಲಿಗೆ ಒದ್ದೆ ಗೋಣಿತಟ್ಟು, ಇನ್ನೊಂದಕ್ಕೆ ಒದ್ದೆ ಪಂಚೆಯ ತುಂಡು ಸುತ್ತಿದೆ. ಗಾಳಿಗೆ ಪಂಚೆ ಬೇಗ ಒಣಗಿತು, ಗೋಣಿ ಹನ್ನೊಂದರವರೆಗೂ ತಂಪು ಹಿಡಿದಿತ್ತು. ಬುತ್ತಿಗೆ ಮಂಡಕ್ಕಿ ನಿಲ್ಲದು, ರೊಟ್ಟಿ ಮತ್ತು ಶೇಂಗಾ ಚಟ್ನಿಯೇ ಸರಿ.

ಭೂಪಟ ನಂಬಿ ಹಿಡಿದ ಬಂಡಿದಾರಿಯೊಂದರಲ್ಲಿ ಕುರಿಗಾಹಿಯೊಬ್ಬರು “ಸೀದಾ ಹೋಗ್ಬ್ಯಾಡ್ರಿ ಸಾರ್, ಮುಂದೆ ಗ್ವಾಡೆ ಐತೆ” ಎಂದು ತಡೆಯದಿದ್ದರೆ ಏಳೆಂಟು ಕಿ.ಮೀ. ದಂಡವಾಗುತ್ತಿತ್ತು.

ಮೂರು ಗಂಟೆಗೆ ನೇರವಾಗಿ ಅಂಗಡಿಯ ಮುಂದೆ ಇಳಿದೆ. ಯಜಮಾನರು ಮಾತಾಡದೆ ಇಕ್ಕಳ ತಂದು ಟೈರಿನಿಂದ ಹನ್ನೊಂದು ಮುಳ್ಳು ಕಿತ್ತರು. ಪ್ರತಿಯೊಂದಕ್ಕೂ ಕಿವಿಯಿಟ್ಟು ಕೇಳಿದರು. ಒಂದರಿಂದಲೂ ಗಾಳಿ ಹೋಗಲಿಲ್ಲ.