ತಂತಿಯ ಮರಕ್ಕೆ ಟಿಸಿಲು ಮೂಡಿಸಿದ ಬಗೆ

ತಂತಿಯ ಮರವನ್ನು ಎಷ್ಟು ತಿದ್ದಿದರೂ ಅದು ತಂತಿಯಾಗಿಯೇ ಕಾಣುತ್ತದೆ ಎಂಬ ಮಾತನ್ನು, ಮಾದರಿ ರೈಲು ಕಟ್ಟುವ ಈ ಹವ್ಯಾಸದಲ್ಲಿ ಪಳಗಿದವರಿಂದಲೇ ನಾನು ನಾಲ್ಕು ವರ್ಷ ಕೇಳಿದ್ದೇನೆ. ಹಾಗೆ ಹೇಳಿದವರಲ್ಲೊಬ್ಬರು ಕಳೆದ ತಿಂಗಳು ನನ್ನ ಲೇಔಟಿನ (ಹಳಿ, ಗುಡ್ಡ, ಸುರಂಗಗಳಿರುವ ರೈಲು ಮಾದರಿಯ) ಮುಂದೆ ಬಗ್ಗಿ ನಿಂತು, ಸುರಂಗದ ಬಾಯಿಯ ಪಕ್ಕದಲ್ಲಿದ್ದ ಮರವನ್ನು ತೋರಿಸಿ, ಅದು ಯಾವ ಗಿಡದ ಒಣಗಿದ ರೆಂಬೆ ಎಂದು ಕೇಳಿದರು. ತಾಮ್ರದ ತಂತಿಯೆಂದು ನಂಬಿಸಲು ಅದನ್ನು ಕಿತ್ತು ಬುಡವನ್ನು ತೋರಿಸಬೇಕಾಯಿತು.

ನನ್ನ ಎಚ್‌ಓ (ನಿಜದ 87ರಲ್ಲೊಂದು ಅಳತೆಯ) ಲೇಔಟಿನ ಗುಡ್ಡದ ಬದಿಗೆ ಸುಮಾರು 180 ಮರಗಳು ಬೇಕಿದ್ದವು. ಕಣ್ಣಿಗೆ ಒಪ್ಪುವಂಥ ಸಿದ್ಧ ಮರಗಳು ಮೂರಕ್ಕೆ ಒಂದು ಒಳ್ಳೆಯ ವ್ಯಾಗನ್ನಿನ ಬೆಲೆ. ಆ ಲೆಕ್ಕದಲ್ಲಿ ಗುಡ್ಡ ತುಂಬುವಷ್ಟರಲ್ಲಿ ಹಲವು ಡಿಜಿಟಲ್ ಎಂಜಿನ್ನುಗಳ ಹಣ ಕರಗುತ್ತಿತ್ತು. ಅಗ್ಗವೆಂದು ತರಿಸಿದ ನೂರರ ಕಟ್ಟಿನ ಪ್ಲಾಸ್ಟಿಕ್ ಮರಗಳು ಎಲ್ಲವೂ ಒಂದೇ ಅಚ್ಚಿನವಾಗಿದ್ದು, ಬಣ್ಣ ಬಳಿದರೂ ಹೊಳಪು ಹೋಗಲಿಲ್ಲ. ಆಮೇಲೆ ಕಲ್ಲುಹೂವನ್ನು ಹಚ್ಚಿ ನೋಡಿದೆ. ಅದು ಕೆಲವೇ ತಿಂಗಳಲ್ಲಿ ಒಣಗಿ ಹಳಿಯ ಮೇಲೆ ಪುಡಿಯಾಗಿ ಉದುರಿತು. ಗ್ಲಿಸರಿನ್ ನೀರಿನಲ್ಲಿ ನೆನೆಸಿದ ಎರಡನೆಯ ಕಂತು ಮೆತ್ತಗೆ ಉಳಿಯಿತಾದರೂ ಧೂಳನ್ನೆಲ್ಲ ಎಳೆದುಕೊಂಡಿತು. ತಂತಿಗೆ ಫೋಮ್ ಉಂಡೆಗಳನ್ನು ಅಂಟಿಸಿದ ಮೂರನೆಯ ಪ್ರಯತ್ನದಲ್ಲಿ ಕೋಲಿನ ತುದಿಗೆ ಚೆಂಡು ಸಿಕ್ಕಿಸಿದಂತೆ ಕಂಡವೇ ಹೊರತು ಅವು ಮರಗಳಾಗಲಿಲ್ಲ.

ತಪ್ಪು ಎಲ್ಲಿದೆಯೆಂಬುದು ಲೆಕ್ಕ ಹಾಕಿದಾಗ ಹೊಳೆಯಿತು. 1:87ರಲ್ಲಿ 0.4 ಮಿ.ಮೀ. ತಂತಿಯೆಂದರೆ ಮೂರೂವರೆ ಸೆಂ.ಮೀ. ದಪ್ಪದ ಕೊಂಬೆ, ಮೂರೂವರೆ ಮಿ.ಮೀ.ಯ ಫೋಮ್ ಹರಳೆಂದರೆ ಒಂದು ಅಡಿ ಅಗಲದ ಎಲೆ. ಇವೆರಡರ ನಡುವೆ ಇರಬೇಕಾದ ಟಿಸಿಲುಗಳೇ ನನ್ನ ಮರಗಳಲ್ಲಿ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಸ್ಟ್ಯಾಟಿಕ್ ಗ್ರಾಸ್ ಎಳೆ, ಅಂದರೆ ಮಾದರಿಗಳಲ್ಲಿ ಹುಲ್ಲಿಗಾಗಿ ವಿದ್ಯುದಾವೇಶದಿಂದ ನೆಟ್ಟಗೆ ನಿಲ್ಲಿಸುವ ಸಣ್ಣ ಕೃತಕ ನಾರು: 6 ಮಿ.ಮೀ. ಎಳೆಯೆಂದರೆ ನಿಜದ ಅಳತೆಯಲ್ಲಿ ಅರ್ಧ ಮೀಟರಿನ ಕಡ್ಡಿ.

ಹದಿನಾಲ್ಕು ಸೆಂ.ಮೀ. ಮರಕ್ಕೆ ನಾನು ಸುಮಾರು 60 ತಾಮ್ರದ ಎಳೆಗಳನ್ನು ಹೊಸೆಯುತ್ತೇನೆ. ಮೊದಲು ಕಬ್ಬಿಣದ ತಂತಿಯನ್ನು ಬಳಸುತ್ತಿದ್ದೆ. ಲೇಔಟಿನ ಮೇಲೆಯೇ ಕತ್ತರಿಸಿದ ಒಂದು ತುಣುಕನ್ನು ಎಂಜಿನ್ನಿನ ಮೋಟಾರಿನ ಅಯಸ್ಕಾಂತ ಸೆಳೆದುಕೊಂಡು, ಒಳ್ಳೆಯ ಎಂಜಿನ್ನೊಂದು ಕೆಟ್ಟುಹೋಯಿತು. ತಾಮ್ರಕ್ಕೆ ಆ ಕಾಟವಿಲ್ಲ, ಆದರೆ ಅದರ ತುಣುಕು ಎರಡು ಹಳಿಗಳಿಗೆ ಅಡ್ಡ ಬಿದ್ದರೆ ಶಾರ್ಟ್ ಆಗುತ್ತದೆ. ಹಾಗಾಗಿ ಕತ್ತರಿಸುವ ಕೆಲಸ ಈಗ ಬೇರೆ ಮೇಜಿನ ಮೇಲೆ. ಕಾಂಡಕ್ಕೆ ಎರಡು ಕಡೆ ಬೆಸುಗೆ ಹಾಕದಿದ್ದರೆ ಹೊಸೆತ ಸಡಿಲವಾಗಿ ತೊಗಟೆ ಬಿರಿಯುತ್ತದೆ. ತೊಗಟೆಯ ಲೇಪಕ್ಕೆ ಪಿವಿಎ ಅಂಟು (ಮರಗೆಲಸದ ಬಿಳಿ ಅಂಟು), ನಯವಾದ ಪ್ಲಾಸ್ಟರ್ ಮತ್ತು ಇನ್ನೊಂದು ವಸ್ತು ಸೇರುತ್ತವೆ. ಆ ಮೂರನೆಯದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಣ್ಣ ಮಾತ್ರ ಕಂದು ಬೇಡ, ಬೂದು ಇರಲಿ.

ಗ್ರಾಸ್ ಎಳೆ ಹಿಡಿಸುವಾಗ, ಎಳೆಗಳಿಗೆ ವಿದ್ಯುದಾವೇಶ ಕೊಟ್ಟು ಉದುರಿಸುವ ಉಪಕರಣದ ಕ್ಲಿಪ್ಪನ್ನು ಬುಡದ ಬರಿಯ ತಂತಿಗೇ ಕಚ್ಚಿಸಬೇಕು. ಆಗ ಇಡೀ ಮರವೇ ಒಂದು ಧ್ರುವವಾಗಿ, ಪ್ರತಿ ಕೊಂಬೆಯ ಸುತ್ತಲೂ ಎಳೆಗಳು ನಿಗುರಿ ನಿಲ್ಲುತ್ತವೆ. ನಾನು ಮೊದಲ ಹನ್ನೆರಡು ಮರಗಳಿಗೆ ಬುಡದ ತುದಿಯವರೆಗೂ ಲೇಪ ಹಚ್ಚಿಬಿಟ್ಟಿದ್ದೆ. ವಿದ್ಯುತ್ ಸಂಪರ್ಕವೇ ಸಿಗದೆ ಎಳೆಗಳು ಮಲಗಿಕೊಂಡವು, ಎರಡು ದೊಡ್ಡ ಪೊಟ್ಟಣಗಳು ದಂಡವಾದವು. ಎಳೆ ಹಿಡಿಯಲೆಂದು ಕೊಂಬೆಗಳಿಗೆ ಮೊದಲು ಹೊಡೆಯುವ ಸ್ಪ್ರೇ ಅಂಟಿನ ಆವಿಗೆ ಕಿಡಿ ತಗಲಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ಆವಿ ಆರಿದ ಮೇಲೆ, ಅಂಟು ಇನ್ನೂ ಜಿಗುಟಾಗಿರುವಾಗಲೇ ಉಪಕರಣವನ್ನು ಚಾಲೂ ಮಾಡುತ್ತೇನೆ. ಒಂದು ಪದರು ಆರಿದ ನಂತರ ಕೊಂಬೆಯ ತುದಿಗಳಿಗೆ ಮಾತ್ರ ಎರಡನೆಯದು. ಅದರ ಮೇಲೆ ಬೂದು ಬಣ್ಣ, ಆಮೇಲೆ ಎಲೆಯ ಪುಡಿ. ಗಾಢ ಹಸಿರನ್ನು ಕೆಳಗಿನಿಂದಲೂ ತಿಳಿಯದನ್ನು ಮೇಲಿನಿಂದಲೂ ಉದುರಿಸಿ, ಮರದ ಮೂಲಕ ಹಿಂದಿನ ಬೆಳಕು ಕಾಣುವಾಗಲೇ ಕೈ ನಿಲ್ಲಿಸಬೇಕು. ತೇವದ ದಿನದಲ್ಲಿ ಮ್ಯಾಟ್ ವಾರ್ನಿಷ್ ಹೊಡೆದು ಎಂಟು ಮರಗಳು ಬಿಳಚಿಕೊಂಡಿದ್ದರಿಂದ, ಈಗ ಆ ಕೆಲಸಕ್ಕೆ ಒಣಹವೆಗೆ ಕಾಯುತ್ತೇನೆ.

ನಡುವೆ ಪೈನ್ ಥರದ ಸೂಚಿಪರ್ಣಿ ಮರಗಳ ಗೀಳು ಹಿಡಿದು, ಎರಡು ತಂತಿಗಳ ನಡುವೆ ಸೆಣಬಿನ ನಾರನ್ನು ಹರಡಿ, ಡ್ರಿಲ್ಲಿನಿಂದ ತಿರುಚಿ, ಶಂಕುವಿನಾಕಾರಕ್ಕೆ ಕತ್ತರಿಸಿ ನೋಡಿದೆ. ಬೇಗ ಆಗುತ್ತವೆ, ಆದರೆ ಹಿಂದಿನ ಸಾಲಿಗಷ್ಟೇ ಸರಿ. ಎಲೆಯಿಲ್ಲದ ಚಳಿಗಾಲದ ಮರವನ್ನೂ ಒಂದು ಮಾಡಿದೆ, ನನ್ನ ಕೈಯಿಂದ ಬಂದವುಗಳಲ್ಲಿ ಅದೇ ಶ್ರೇಷ್ಠ.

ಹಾಳಾದದ್ದನ್ನು ಬಿಟ್ಟರೆ ಒಂದು ಮರದ ಖರ್ಚು ಸಿದ್ಧ ಮರದ ಹತ್ತರಲ್ಲೊಂದು ಭಾಗವಾದೀತು. ಒಂದೊಂದಾಗಿ ಮಾಡಿದಾಗ ಮರವೊಂದಕ್ಕೆ ಒಂದು ಗಂಟೆ ಹಿಡಿದರೆ, ಹತ್ತು ಮರಗಳನ್ನು ಒಟ್ಟಿಗೆ ಮಾಡಿದಾಗ ಒಂದಕ್ಕೆ ಮುಕ್ಕಾಲು ಗಂಟೆ ಸಾಕು. ಈವರೆಗೆ 130ರಷ್ಟು ಮುಗಿದಿವೆ. ಉಳಿದವು ಸುರಂಗದ ಮೇಲಿನ ಸಾಲಿಗೆ. ಅವುಗಳ ಬೆನ್ನಿನ ಬದಿ ಯಾರಿಗೂ ಕಾಣದಿದ್ದರೂ ಅಲ್ಲಿಗೂ ಎಳೆ ಹಿಡಿಸುತ್ತಿದ್ದೇನೆ, ಇಲ್ಲದಿದ್ದರೆ ಮುಂದಿನಿಂದ ನೋಡಿದಾಗ ಮರ ತೆಳುವಾಗಿ ಕಾಣುತ್ತದೆ.