ಮಗುವಿಗಾಗಿ ಪರೀಕ್ಷೆಯೇ? ಇಬ್ಬರೂ ಒಳಗೆ ಬನ್ನಿ

ಪ್ರಯತ್ನಪಟ್ಟು ಒಂದು ವರ್ಷವಾದರೂ ಬಸಿರಾಗಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗಿಂತ ಜಾಸ್ತಿ ಕಾಯಬೇಡಿ. ಇಡಗುಂಜಿಗೆ ಹರಕೆ ಹೊರುವವರು ಹೊರಲಿ, ನನ್ನ ತಕರಾರಿಲ್ಲ. ನನ್ನ ತಕರಾರು ಗಂಡಂದಿರ ಮೇಲೆ. ಕುಮಟಾದ ನಮ್ಮ ಲ್ಯಾಬಿಗೆ ಹೆಂಡತಿ, ಅತ್ತೆ ಬರುತ್ತಾರೆ. ಗಂಡ ಹೊರಗೆ ಬೈಕಿನ ಮೇಲೆ ಮೊಬೈಲ್ ನೋಡುತ್ತಾ ಕೂತಿರುತ್ತಾನೆ.

ಎಚ್‌ಐವಿ, ವಿಡಿಆರ್‌ಎಲ್ (ಸಿಫಿಲಿಸ್ ರೋಗಕ್ಕೆ) ಪರೀಕ್ಷೆಗಳನ್ನು ಡಾಕ್ಟರೇ ಬರೆಯುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಾದ ಕ್ಲಮೈಡಿಯಾ, ಗೊನೊರಿಯಾ ಪರೀಕ್ಷೆಯನ್ನು ಮಾತ್ರ ಬಾಯಿಬಿಟ್ಟು ಕೇಳಿ. ಕ್ಲಮೈಡಿಯಾ ಇರುವ ಹೆಚ್ಚಿನ ಹೆಂಗಸರಿಗೆ ಉರಿ, ನೋವು, ಬಿಳಿ ಹೋಗುವುದು ಏನೂ ಇರುವುದಿಲ್ಲ. ಸೋಂಕು ಸದ್ದಿಲ್ಲದೆ ಮೇಲೇರಿ ಟ್ಯೂಬಿನಲ್ಲಿ (ಅಂಡ ಗರ್ಭಕೋಶಕ್ಕೆ ಬರುವ ನಾಳ) ಗಾಯದ ಕಲೆ ಬಿಡುತ್ತದೆ, ದಾರಿ ಮುಚ್ಚುತ್ತದೆ. ಗಂಡಸಿಗೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಯಾವಾಗ ಬಂತು, ಯಾರಿಂದ ಬಂತು ಅಂತ ರಿಪೋರ್ಟ್ ಹೇಳುವುದಿಲ್ಲ. ಹಾಗಾಗಿ ಅದನ್ನು ಹಿಡಿದು ಜಗಳ ತೆಗೆಯಬೇಡಿ.

ಗಂಡಸರ ಸ್ಯಾಂಪಲ್ ಮೂತ್ರದ್ದೇ. ಇಲ್ಲೇ ಎಡವಟ್ಟಾಗುವುದು. ಬೇರೆ ಮೂತ್ರ ಪರೀಕ್ಷೆಗೆ ಮೊದಲಿನದ್ದು ಬಿಟ್ಟು ನಡುವಿನದ್ದು ಹಿಡಿಯಿರಿ ಅಂತೇವಲ್ಲ, ಇದಕ್ಕೆ ಉಲ್ಟಾ. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಶುರುವಿನದ್ದನ್ನೇ ಹಿಡಿಯಬೇಕು. 20ರಿಂದ 30 ಮಿಲಿ ಸಾಕು. ಡಬ್ಬಿ ತುಂಬಿಸಿ ತರುವವರೇ ಜಾಸ್ತಿ. ತುಂಬಿಸಿದಷ್ಟೂ ತೆಳ್ಳಗಾಗಿ ಸೋಂಕು ಸಿಕ್ಕದೇ ಹೋಗಬಹುದು. ಹೆಂಗಸರಿಗೆ ಸ್ವಾಬ್, ಅಂದರೆ ಯೋನಿಯೊಳಗಿನಿಂದ ಹತ್ತಿಕಡ್ಡಿಯಲ್ಲಿ ತೆಗೆಯುವ ಸ್ಯಾಂಪಲ್, ಒಳ್ಳೆಯದು. ಡಾಕ್ಟರ್ ತೆಗೆಯಬಹುದು, ಹೇಳಿಕೊಟ್ಟರೆ ತಾವೇ ತೆಗೆದುಕೊಳ್ಳಬಹುದು.

ಸೋಂಕು ಬಂದರೆ ಇಬ್ಬರಿಗೂ ಒಟ್ಟಿಗೆ ಔಷಧಿ. ಕ್ಲಮೈಡಿಯಾಗೆ ಸಾಮಾನ್ಯವಾಗಿ 7 ದಿನ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಅದು ಮುಗಿಯುವ ತನಕ ಇಬ್ಬರೂ ಸೇರುವಂತಿಲ್ಲ. ಬಸಿರಿನ ಅನುಮಾನವಿದ್ದರೆ ಮೊದಲೇ ಹೇಳಿ, ಆಗ ಬೇರೆ ಔಷಧಿ. ಒಬ್ಬರೇ ನುಂಗಿದರೆ ಸೋಂಕು ಮತ್ತೆ ಮನೆಗೇ ವಾಪಸ್. ಗಂಡ ಬೋಟಿಗೆ ಹೋಗುವವನಾದರೆ ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು ಪರೀಕ್ಷೆಗೆ ಅನುಕೂಲ. ಆದರೆ ಸೋಂಕು ಇದೆ ಅಂತ ತಿಳಿದ ಮೇಲೆ ಔಷಧಿಗೆ ಜೂನ್ ಕಾಯಬೇಡಿ. ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಔಷಧಿಯಿಂದ ಸೋಂಕು ಹೋಗುತ್ತದೆ, ಮುಚ್ಚಿದ ಟ್ಯೂಬ್ ತೆರೆಯುವುದಿಲ್ಲ. ಟ್ಯೂಬ್ ತೆರೆದಿದೆಯೇ ಅಂತ ನೋಡಲು, ಗರ್ಭಕೋಶದೊಳಗೆ ದ್ರವ ಬಿಟ್ಟು ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇ ಇದೆ. ಆ ತಿಂಗಳ ಮುಟ್ಟಿನ ರಕ್ತ ಹೋಗುವುದು ನಿಂತ ಮೇಲೆ, ಅಂಡ ಬಿಡುಗಡೆಗೆ ಮುಂಚೆ ಮಾಡುತ್ತಾರೆ. ಸೋಂಕು ಇರುವಾಗ ಮಾಡಿಸಿದರೆ ಅದು ಇನ್ನೂ ಮೇಲಕ್ಕೆ ಹೋಗುವ ಅಪಾಯ ಇರುವುದರಿಂದ ಸ್ವಾಬ್ ರಿಪೋರ್ಟ್ ಮೊದಲು ಬರಲಿ. ನಮ್ಮಲ್ಲಿ ಟಿಬಿಯೂ ಟ್ಯೂಬ್ ಮುಚ್ಚುತ್ತದೆ. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿದ್ದರೆ ಡಾಕ್ಟರಿಗೆ ಹೇಳಿ.

ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ (ಇಂಥ ಸೋಂಕುಗಳ ವಿಭಾಗ) ಎಲ್ಲಿದೆ ಅಂತ ಕೇಳಿ, ಅಲ್ಲಿ ಚಿಕಿತ್ಸೆ ಉಚಿತ. ಫೋನಿನಲ್ಲೇ ಕೇಳಬೇಕಾದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097. ಇನ್ನು ಪರಿಚಯದವರ ಭಯ ಅಲ್ವಾ? ಕೌಂಟರಿನಲ್ಲಿ ನಿಮ್ಮಿಬ್ಬರ ಫೋನ್ ನಂಬರ್ ಮಾತ್ರ ಬರೆಸಿ, ರಿಪೋರ್ಟ್ ನಮ್ಮ ಕೈಗೇ ಕೊಡಿ ಅಂತ ಹೇಳಿಬಿಡಿ. ಅತ್ತೆ ಬಂದು ಕೇಳಿದರೂ ನಾನು ಕೊಡುವುದಿಲ್ಲ.